ಪಕ್ಷಿವೀಕ್ಷಣೆ ಮತ್ತು ವನ್ಯಜೀವಿ ಸಂರಕ್ಷಣೆ

ಹಕ್ಕಿಗಳನ್ನು ಹಿಡಿಯದೆ, ಕೊಲ್ಲದೆ, ಅವು ಇರುವಲ್ಲೇ ನೋಡಿ, ಗುರುತಿಸಿ, ಕಂಡದ್ದನ್ನು ಬರೆದಿಡುವ ಹವ್ಯಾಸವೇ ಪಕ್ಷಿವೀಕ್ಷಣೆ. ನೋಡುವ ಸುಖ ಎಲ್ಲ ಕಾಲದಲ್ಲೂ ಇತ್ತು. ಬರೆದಿಡುವ ಶಿಸ್ತು ಮಾತ್ರ ಹೊಸದು, ಹೆಚ್ಚೆಂದರೆ ಇನ್ನೂರೈವತ್ತು ವರ್ಷದ್ದು. ಯಾವ ದಿನ, ಯಾವ ಜಾಗ, ಯಾವ ಹಕ್ಕಿ, ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಲಕ್ಷಾಂತರ ಜನ ಸಂಬಳವಿಲ್ಲದೆ ಬರೆಯುತ್ತ ಬಂದದ್ದರಿಂದ, ಕಾಡುಜೀವಿಗಳ ಏರಿಳಿತವನ್ನು ಅಳೆಯಲು ವಿಜ್ಞಾನಕ್ಕೆ ಸಿಕ್ಕಿರುವ ಅತಿ ಉದ್ದದ ಲೆಕ್ಕ ಹಕ್ಕಿಗಳದ್ದೇ ಆಗಿದೆ. ಜಗತ್ತಿನಲ್ಲಿ ಸುಮಾರು 11,000 ಪ್ರಭೇದದ ಹಕ್ಕಿಗಳಿವೆ. ಬಹುಪಾಲು ಹಗಲಲ್ಲೇ ಓಡಾಡುತ್ತವೆ, ಕೂಗಿ ತಮ್ಮ ಇರವನ್ನು ತಾವೇ ಸಾರುತ್ತವೆ. ಚಿರತೆಯನ್ನು ಎಣಿಸಲು ಕ್ಯಾಮೆರಾ, ಸಿಬ್ಬಂದಿ, ಇಲಾಖೆಯ ಅನುಮತಿ ಎಲ್ಲ ಬೇಕು. ಕೆರೆಯ ಬಾತುಗಳನ್ನು ಎಣಿಸಲು ಬೆಳಿಗ್ಗೆ ಬೇಗ ಎದ್ದರೆ ಸಾಕು.

ಹತ್ತೊಂಬತ್ತನೆಯ ಶತಮಾನದ ಪಕ್ಷಿತಜ್ಞನ ಕೈಯಲ್ಲಿದ್ದದ್ದು ಬಂದೂಕು. ಕೊಂದು ಕೈಗೆತ್ತಿಕೊಳ್ಳದ ಹಕ್ಕಿಯ ಹೆಸರು ಹೇಳುವುದನ್ನು ಆ ಕಾಲದ ವಿದ್ವಾಂಸರು ಊಹೆಯೆಂದೇ ತಳ್ಳಿಹಾಕುತ್ತಿದ್ದರು. ಅಮೆರಿಕದ ಹಕ್ಕಿಗಳನ್ನು ಅವುಗಳ ನಿಜಗಾತ್ರದಲ್ಲೇ 435 ಫಲಕಗಳಲ್ಲಿ ಚಿತ್ರಿಸಿ 1827ರಿಂದ 1838ರವರೆಗೆ ಪ್ರಕಟಿಸಿದ ಜಾನ್ ಜೇಮ್ಸ್ ಆಡುಬಾನ್ ಹೊಡೆದ ಹಕ್ಕಿಗಳನ್ನು ತಂತಿಯಿಂದ ಬಿಗಿದು, ಜೀವಂತ ಭಂಗಿಯಲ್ಲಿ ನಿಲ್ಲಿಸಿ ಬರೆಯುತ್ತಿದ್ದ. ಭಾರತದಲ್ಲಿ ಆ ಕಾಲದ ದೊಡ್ಡ ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಅದೇ ಹ್ಯೂಮ್. ಚರ್ಮ, ಮೊಟ್ಟೆ ಎಲ್ಲ ಸೇರಿ ಸುಮಾರು 82 ಸಾವಿರ ಮಾದರಿಗಳ ತನ್ನ ಸಂಗ್ರಹವನ್ನು ಅವನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟ. ಕೊಡಲು ಕಾರಣ ವಿಷಾದಕರ: ಭಾರತದ ಹಕ್ಕಿಗಳ ಬಗ್ಗೆ ಬರೆಯಬೇಕೆಂದಿದ್ದ ಮಹಾಗ್ರಂಥದ ಹಸ್ತಪ್ರತಿಯನ್ನು ಶಿಮ್ಲಾದ ಮನೆಯಿಂದ ಸೇವಕನೊಬ್ಬ ಕದ್ದು ರದ್ದಿ ಕಾಗದವಾಗಿ ಮಾರಿದ್ದ. ಹ್ಯೂಮ್ ಮತ್ತೆ ಆ ಕೆಲಸಕ್ಕೆ ಕೈಹಾಕಲಿಲ್ಲ.

ಇದಕ್ಕೆ ಮೊದಲೇ ಕಿವಿಯಿಂದ ಕೆಲಸ ಮಾಡಿದವನೊಬ್ಬನಿದ್ದ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ಕಣ್ಣಿಗೆ ಒಂದೇ ಎಂಬಂತೆ ಕಾಣುವ ಮೂರು ಪುಟ್ಟ ಉಲಿಯಕ್ಕಿಗಳು ಬೇರೆಬೇರೆ ಪ್ರಭೇದಗಳೆಂದು ಅವುಗಳ ಹಾಡಿನ ವ್ಯತ್ಯಾಸದಿಂದಲೇ ಕಂಡುಕೊಂಡ. 1789ರಲ್ಲಿ ಪ್ರಕಟವಾದ ಅವನ ಪುಸ್ತಕ ಇಂದಿಗೂ ಅಚ್ಚಿನಲ್ಲಿದೆ. ಊರು ಬಿಟ್ಟು ಹೆಚ್ಚು ಕದಲದ ಒಬ್ಬ ಮನುಷ್ಯ ತನ್ನ ಸುತ್ತಲಿನದನ್ನೇ ವರ್ಷಗಟ್ಟಲೆ ನೋಡಿ ಇಷ್ಟನ್ನು ತಿಳಿಯಬಹುದು ಎಂಬುದು ಅದರ ನಿಜವಾದ ಬೆರಗು.

ಹಕ್ಕಿಗಳಿಗಾಗಿ ಜನ ಸಂಘ ಕಟ್ಟಿದ್ದು ಟೋಪಿಯ ಕಾರಣಕ್ಕೆ. 1880ರ ದಶಕದಲ್ಲಿ ಲಂಡನ್, ಪ್ಯಾರಿಸ್, ನ್ಯೂಯಾರ್ಕಿನ ಹೆಂಗಸರ ಟೋಪಿಗಳಲ್ಲಿ ಗರಿ, ರೆಕ್ಕೆ, ಕೆಲವೊಮ್ಮೆ ಇಡೀ ಹಕ್ಕಿಯೇ ಕುಳಿತಿರುತ್ತಿತ್ತು. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ತರುಣ ಮ್ಯಾನ್‌ಹಟನ್ನಿನ ಅಂಗಡಿಬೀದಿಯಲ್ಲಿ ಎರಡು ಮಧ್ಯಾಹ್ನ ನಡೆದು, ಎದುರಾದ 700 ಟೋಪಿಗಳಲ್ಲಿ 542ರ ಮೇಲೆ ಗರಿಗಳಿದ್ದುದನ್ನು ಎಣಿಸಿದ. ಅವು 40 ಪ್ರಭೇದದ ಹಕ್ಕಿಗಳವು. ಪ್ರಾಯಶಃ ನಗರದ ಅತಿ ವಿಚಿತ್ರ ಪಕ್ಷಿಗಣತಿ ಇದೇ. ಎಲ್ಲಕ್ಕಿಂತ ಬೇಡಿಕೆ ಬೆಳ್ಳಕ್ಕಿಗಳ ಬೆನ್ನಮೇಲಿನ ನವಿರಾದ ಗರಿಗೆ. ತೂಕಕ್ಕೆ ತೂಕ ಹಾಕಿದರೆ ಅದು ಬಂಗಾರಕ್ಕಿಂತ ದುಬಾರಿ. ಆ ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ ಮಾತ್ರ. ಹಾಗಾಗಿ ಬೇಟೆಗಾರರು ಗೂಡಿನ ಮೇಲೇ ಹಕ್ಕಿಯನ್ನು ಹೊಡೆದು, ಮರಿಗಳನ್ನು ಹಸಿವಿಗೆ ಬಿಟ್ಟು ಹೋಗುತ್ತಿದ್ದರು.

ವಿರೋಧಿಸಿದವರಲ್ಲಿ ಮುಂದಿದ್ದವರು ಹೆಂಗಸರೇ. 1889ರಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ತನ್ನ ಮನೆಯಲ್ಲಿ ಎಮಿಲಿ ವಿಲಿಯಮ್ಸನ್ ಕಟ್ಟಿದ ಸಂಘವೇ ಮುಂದೆ 1904ರಲ್ಲಿ ರಾಜಸನ್ನದು ಪಡೆದು ಹಕ್ಕಿ ರಕ್ಷಣೆಯ ರಾಯಲ್ ಸೊಸೈಟಿ, ಅಂದರೆ ಆರ್‌ಎಸ್‌ಪಿಬಿ ಆಯಿತು. ಗಂಡಸರ ಪಕ್ಷಿವಿಜ್ಞಾನ ಸಂಘ ಆಗ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಬಾಸ್ಟನ್ನಿನಲ್ಲಿ 1896ರಲ್ಲಿ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಊರಿನ ಸಿರಿವಂತ ಮನೆಗಳ ಹೆಂಗಸರನ್ನು ಚಹಾಕ್ಕೆ ಕರೆದು, ಗರಿಯ ಟೋಪಿ ಬಿಡುವಂತೆ ಮನವೊಲಿಸಿದರು. ಅಲ್ಲಿ ಹುಟ್ಟಿದ್ದು ಮ್ಯಾಸಚೂಸೆಟ್ಸ್ ಆಡುಬಾನ್ ಸೊಸೈಟಿ. ಹಕ್ಕಿಗಳಿಗೆ ಗುಂಡಿಟ್ಟು ಚಿತ್ರ ಬರೆದವನ ಹೆಸರು ಹಕ್ಕಿ ಉಳಿಸುವ ಸಂಘಕ್ಕೆ ಬಂದದ್ದು ಚರಿತ್ರೆಯ ಚೇಷ್ಟೆ. ಕಾನೂನುಗಳು ಒಂದೊಂದಾಗಿ ಬಂದವು: ಅಮೆರಿಕದಲ್ಲಿ 1900ರ ಲೇಸಿ ಕಾಯಿದೆ, 1918ರ ವಲಸೆಹಕ್ಕಿ ಕಾಯಿದೆ, ಬ್ರಿಟನ್ನಿನಲ್ಲಿ 1921ರ ಗರಿ ಆಮದು ನಿಷೇಧ. ನಡುವೆ ರಕ್ತವೂ ಹರಿಯಿತು. ಫ್ಲಾರಿಡಾದ ಬೆಳ್ಳಕ್ಕಿ ಕಾವಲುಗಾರ ಗೈ ಬ್ರಾಡ್ಲಿಯನ್ನು 1905ರಲ್ಲಿ ಗರಿ ಬೇಟೆಗಾರನೊಬ್ಬ ಗುಂಡಿಟ್ಟು ಕೊಂದ. ಕೊಂದವನ ಮೇಲೆ ಮೊಕದ್ದಮೆ ನಿಲ್ಲಲೇ ಇಲ್ಲ.

ಟೋಪಿ ಎಣಿಸಿದ ಚಾಪ್‌ಮನ್ ಇನ್ನೊಂದು ಕೆಲಸ ಮಾಡಿದ. ಕ್ರಿಸ್‌ಮಸ್ ದಿನ ಎರಡು ತಂಡವಾಗಿ ಹೊರಟು ಯಾರು ಹೆಚ್ಚು ಪ್ರಾಣಿಪಕ್ಷಿಗಳನ್ನು ಕೊಲ್ಲುತ್ತಾರೆಂದು ಪಂದ್ಯ ಕಟ್ಟುವ ರೂಢಿ ಅಮೆರಿಕದಲ್ಲಿತ್ತು. ಕೊಲ್ಲುವ ಬದಲು ಎಣಿಸಿ ಎಂದು 1900ರಲ್ಲಿ ಅವನು ಕರೆಕೊಟ್ಟ. ಆ ವರ್ಷ 25 ಕಡೆ 27 ಜನ ಎಣಿಸಿದರು. ಆ ಗಣತಿ ಇಂದಿಗೂ ತಪ್ಪದೆ ನಡೆಯುತ್ತಿದ್ದು, ಹತ್ತಾರು ಸಾವಿರ ಜನ ಭಾಗವಹಿಸುತ್ತಾರೆ. ಒಂದು ಪ್ರಭೇದ ನೂರು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಹವಾಮಾನ ವಿಜ್ಞಾನಿಗಳು ಹುಡುಕುವುದು ಈ ಹಳೆಯ ಕಡತಗಳಲ್ಲೇ. ಎಣಿಕೆ ತಡವಾದರೆ ಏನಾಗುತ್ತದೆಂಬುದಕ್ಕೆ ಅದೇ ದೇಶದಲ್ಲಿ ಸಾಕ್ಷಿಯಿದೆ: ಒಂದು ಕಾಲಕ್ಕೆ ಆಕಾಶ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದಾದ ಮಾರ್ತಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಬಂದೂಕನ್ನು ಪೂರ್ತಿ ಕೆಳಗಿಡಿಸಿದ್ದು ದುರ್ಬೀನು ಮತ್ತು ಜೇಬಿನ ಪುಸ್ತಕ. ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ತಂದ ಕೈಪಿಡಿಯಲ್ಲಿ ಪ್ರತಿ ಹಕ್ಕಿಯ ಚಿತ್ರಕ್ಕೂ ಪುಟ್ಟ ಬಾಣದ ಗುರುತುಗಳಿದ್ದವು: ಇಲ್ಲಿ ನೋಡು, ಹುಬ್ಬಿನ ಮೇಲಿನ ಗೆರೆ, ಇಲ್ಲಿ ನೋಡು, ಬಾಲದ ಬಿಳಿಯಂಚು. ಮೊದಲ ಮುದ್ರಣದ 2,000 ಪ್ರತಿ ಒಂದೇ ವಾರದಲ್ಲಿ ಖರ್ಚಾದವು. ಭಾರತಕ್ಕೆ ಆ ಉಪಕಾರ ಮಾಡಿದ್ದು 1941ರಲ್ಲಿ ಬಂದ ಸಲೀಂ ಅಲಿಯವರ ಪುಸ್ತಕ. ಅದಕ್ಕೆ ತುಸು ಮೊದಲು ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಆ ಜಾಗವನ್ನು ಕಾಪಾಡುವಂತೆ ಅರಮನೆಯನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕನ್ನಡದ ಓದುಗರಿಗೆ ಹಕ್ಕಿಗಳ ರುಚಿ ಹತ್ತಿಸಿದವರು ಪೂರ್ಣಚಂದ್ರ ತೇಜಸ್ವಿ. ಕ್ಯಾಮೆರಾ ಹೊತ್ತು ಮೂಡಿಗೆರೆಯ ತೋಟ, ಕಾಡುಗಳಲ್ಲಿ ಕಾದು ಕುಳಿತು ಅವರು ತೆಗೆದ ಚಿತ್ರ, ಬರೆದ ಪುಸ್ತಕಗಳಿಂದ ಈ ಹವ್ಯಾಸಕ್ಕೆ ಬಂದವರು ರಾಜ್ಯದ ಯಾವ ಪಕ್ಷಿವೀಕ್ಷಕರ ಗುಂಪಿನಲ್ಲೂ ಸಿಗುತ್ತಾರೆ. ಬೆಂಗಳೂರಿನಲ್ಲಿ 1970ರ ದಶಕದ ಆರಂಭದಿಂದಲೂ ಪಕ್ಷಿವೀಕ್ಷಕರ ಕೂಟವೊಂದು ಲಾಲ್‌ಬಾಗಿನಲ್ಲಿ ತಿಂಗಳ ಭಾನುವಾರದ ನಡಿಗೆ ನಡೆಸಿಕೊಂಡು ಬಂದಿದೆ.

ನೋಡಿದ ಹಕ್ಕಿ ಎಲ್ಲಿಗೆ ಹೋಯಿತು? 1899ರಲ್ಲಿ ಡೆನ್ಮಾರ್ಕಿನ ಶಾಲಾಮಾಸ್ತರ ಹಾನ್ಸ್ ಮಾರ್ಟೆನ್ಸನ್ ಕಬ್ಬಕ್ಕಿ ಜಾತಿಯ ಸ್ಟಾರ್ಲಿಂಗ್‌ಗಳ ಕಾಲಿಗೆ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿದಂದಿನಿಂದ ಈ ಪ್ರಶ್ನೆಗೆ ಉತ್ತರ ಸಿಗತೊಡಗಿತು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ 1956ರಲ್ಲಿ ಒಂದು ಲೇಸಾನ್ ಆಲ್ಬಟ್ರಾಸ್‌ಗೆ ಉಂಗುರ ಹಾಕಿದರು. 2002ರಲ್ಲಿ ಅವರೇ ಮತ್ತೆ ಆ ಹಕ್ಕಿಯನ್ನು ಹಿಡಿದು ಸವೆದ ಉಂಗುರ ಬದಲಿಸಿದರು. ವಿಸ್ಡಂ ಎಂದು ಹೆಸರಾದ ಆ ಹೆಣ್ಣು 2024ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇನ್ನೊಂದು ಮೊಟ್ಟೆಯಿಟ್ಟಿತು. ಉಂಗುರ ಹಾಕಿದಾತ 2017ರಲ್ಲೇ ತೀರಿಕೊಂಡಿದ್ದರು. ಉಂಗುರದ ಜೊತೆಗೆ ಈಗ ಉಪಗ್ರಹಕ್ಕೆ ಸುಳಿವು ಕೊಡುವ ಪುಟ್ಟ ಯಂತ್ರ ಬಂದಿದೆ. 2022ರಲ್ಲಿ ಬಾಲದಲ್ಲಿ ಪಟ್ಟೆಯಿರುವ ಗೊರವದ ಒಂದು ಮರಿ, ಹುಟ್ಟಿ ಐದೇ ತಿಂಗಳಾಗಿದ್ದದ್ದು, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಕಡಿಮೆಯವಲ್ಲ; ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟುವಾಗ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ರಾಮ್ಸಾರ್ ಎಂಬುದು ಇರಾನಿನ ಒಂದು ಪಟ್ಟಣ. ಜೌಗುಭೂಮಿಗಳನ್ನು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1971ರ ಫೆಬ್ರವರಿ 2ರಂದು ಸಹಿ ಬಿದ್ದದ್ದು ಅಲ್ಲಿ. ಬಾತುಕೋಳಿಗೆ ಪಾಸ್‌ಪೋರ್ಟ್ ಇಲ್ಲ. ಒಂದು ದೇಶ ಕಾಪಾಡಿದ ಹಕ್ಕಿಯನ್ನು ದಾರಿಯಲ್ಲಿನ ಇನ್ನೊಂದು ದೇಶ ಕಳೆಯಬಲ್ಲದು. ಇದು ಅತಿ ಕಠೋರವಾಗಿ ಕಂಡದ್ದು ಚೀನಾ ಮತ್ತು ಕೊರಿಯಾಗಳ ನಡುವಿನ ಹಳದಿ ಸಮುದ್ರದಲ್ಲಿ. ಆಸ್ಟ್ರೇಲಿಯಾದಿಂದ ಸೈಬೀರಿಯಾಕ್ಕೆ ಹೋಗುವ ಲಕ್ಷಾಂತರ ತೀರಹಕ್ಕಿಗಳು ಇಲ್ಲಿನ ಕೆಸರುಬಯಲಿನಲ್ಲಿ ಇಳಿದು ಮೇದು ಕೊಬ್ಬು ತುಂಬಿಕೊಳ್ಳುತ್ತವೆ. ದಕ್ಷಿಣ ಕೊರಿಯಾ 2006ರಲ್ಲಿ ಸೆಮಾಂಗುಮ್ ಕೊಲ್ಲಿಗೆ 33 ಕಿಲೋಮೀಟರ್ ಉದ್ದದ ತಡೆಗೋಡೆ ಕಟ್ಟಿ ಮುಗಿಸಿತು. ಅಲ್ಲಿದ್ದ ಹಕ್ಕಿಗಳು ಪಕ್ಕದ ತೀರಕ್ಕೆ ಹೋಗುತ್ತವೆ ಎಂಬುದು ಯೋಜನೆಯವರ ಸಮಾಧಾನ. ಹೋಗಲಿಲ್ಲ. ಗ್ರೇಟ್ ನಾಟ್ ಎಂಬ ಹಕ್ಕಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಕಾಣೆಯಾಯಿತು. ಅತ್ತ ವಾಯುವ್ಯ ಆಸ್ಟ್ರೇಲಿಯಾದ ತೀರಗಳಲ್ಲಿ ಎಣಿಸುತ್ತಿದ್ದವರ ಲೆಕ್ಕದಲ್ಲೂ ಅದೇ ಹಕ್ಕಿ ಇಳಿಮುಖವಾದಾಗ, ಅವು ಬೇರೆಡೆಗೆ ಹೋಗಿಲ್ಲ, ಸತ್ತಿವೆ ಎಂಬುದು ಖಚಿತವಾಯಿತು. ಎರಡು ಖಂಡಗಳ ಹವ್ಯಾಸಿಗಳ ಟಿಪ್ಪಣಿ ಪುಸ್ತಕಗಳನ್ನು ಒಟ್ಟಿಗಿಡದೆ ಆ ತೀರ್ಮಾನ ಸಾಧ್ಯವಿರಲಿಲ್ಲ. 2018ರಲ್ಲಿ ಚೀನಾ ತೀರ ತುಂಬುವ ವ್ಯಾಪಾರಿ ಯೋಜನೆಗಳಿಗೆ ತಡೆಹಾಕಿತು. ಮರುವರ್ಷ ಅಲ್ಲಿನ ಕೆಸರುಬಯಲುಗಳ ಒಂದು ಭಾಗ ವಿಶ್ವಪರಂಪರೆಯ ತಾಣವಾಯಿತು.

ಎಣಿಕೆ ಕಾನೂನನ್ನು ಬದಲಿಸಿದ ಒಂದು ದೊಡ್ಡ ಪ್ರಕರಣ ಡಿಡಿಟಿ ಎಂಬ ಕೀಟನಾಶಕದ್ದು. ಅದರ ಹಾನಿಯ ಬಗ್ಗೆ ರೇಚಲ್ ಕಾರ್ಸನ್ 1962ರಲ್ಲಿ ಬರೆದ ಪುಸ್ತಕ ಎಲ್ಲರಿಗೂ ಗೊತ್ತು. ಅದಕ್ಕೆ ಹೊಂದಿಕೊಂಡ ಇನ್ನೊಂದು ಕತೆ ಅಷ್ಟು ಪ್ರಚಾರದಲ್ಲಿಲ್ಲ. ಬ್ರಿಟನ್ನಿನ ಪೆರೆಗ್ರಿನ್ ಚಾಣಗಳ ಗೂಡುಗಳಲ್ಲಿ ಒಡೆದ ಮೊಟ್ಟೆಗಳು ಹೆಚ್ಚುತ್ತಿದ್ದುದನ್ನು ಕಂಡ ಡೆರೆಕ್ ರಾಟ್‌ಕ್ಲಿಫ್, ಚಿಪ್ಪು ತೆಳುವಾಗುತ್ತಿರಬಹುದೆಂದು ಅನುಮಾನಿಸಿದ. ಅನುಮಾನ ಪರೀಕ್ಷಿಸಲು ಹಳೆಯ ಮೊಟ್ಟೆಗಳು ಬೇಕಲ್ಲ? ಅವು ಸಿಕ್ಕಿದ್ದು ಮೊಟ್ಟೆ ಕದ್ದು ಸಂಗ್ರಹಿಸುವ ಚಟದವರ ಪೆಟ್ಟಿಗೆಗಳಲ್ಲಿ. ತೂಗಿ ನೋಡಿದಾಗ, ಡಿಡಿಟಿ ಬಳಕೆಗೆ ಬಂದ 1940ರ ದಶಕದ ಕೊನೆಯಿಂದಲೇ ಚಿಪ್ಪು ಹಗುರಾಗಿತ್ತು. 1967ರಲ್ಲಿ ಅವನು ಇದನ್ನು ಪ್ರಕಟಿಸಿದ. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ಆ ದೇಶದ ಲಾಂಛನವಾದ ಬೋಳುಹದ್ದಿನ ಗೂಡುಕಟ್ಟುವ ಜೋಡಿಗಳು 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಮುಖ್ಯ ನೆಲದಲ್ಲಿ 417 ಮಾತ್ರ ಉಳಿದಿದ್ದವು. 2007ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯುವಷ್ಟು ಅದು ಚೇತರಿಸಿತು.

ಭಾರತದ ರಣಹದ್ದುಗಳ ವಿಷಯದಲ್ಲಿ ಎಣಿಕೆ ನಡೆಯುವಷ್ಟರಲ್ಲಿ ಹಕ್ಕಿಯೇ ಮುಗಿದಿತ್ತು. 1980ರ ದಶಕದಲ್ಲಿ ಅವು ಎಷ್ಟಿದ್ದವೆಂದರೆ ಯಾರೂ ಲೆಕ್ಕವಿಡುವ ಗೋಜಿಗೆ ಹೋಗಿರಲಿಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಕೆಲಸ ಮಾಡುತ್ತಿದ್ದ ವಿಭು ಪ್ರಕಾಶ್, ಕೊರಳು ಜೋಲುಬಿಟ್ಟು ಮರಗಳಲ್ಲಿ ಕುಳಿತ, ಬಳಿಕ ಸತ್ತು ಬಿದ್ದ ರಣಹದ್ದುಗಳನ್ನು ಗಮನಿಸಿದರು. ಎಲ್ಲರೂ ರೋಗಾಣುವನ್ನು ಹುಡುಕಿದರು. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ: 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಅದು ದನಗಳಿಗೆ ಕೊಡುವ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೆಂದು ತೋರಿಸಿಕೊಟ್ಟರು. ಮದ್ದು ತಿಂದು ಸತ್ತ ದನದ ಮಾಂಸ ಮೇದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋಲುತ್ತದೆ. ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರೊಳಗೆ ಭಾರತದಲ್ಲಿ ಶೇಕಡ 99.9ರಷ್ಟು ಇಲ್ಲವಾದವು. 2006ರಲ್ಲಿ ಪಶುವೈದ್ಯದಲ್ಲಿ ಆ ಮದ್ದನ್ನು ನಿಷೇಧಿಸಿ, ಹಕ್ಕಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಬಳಸುವಂತೆ ಹೇಳಲಾಯಿತು. ಇದೇ ಜಾತಿಯ ಅಪಾಯವಿರುವ ಕೀಟೊಪ್ರೊಫೆನ್ ಮತ್ತು ಏಸಿಕ್ಲೊಫೆನಾಕ್ ನಿಷೇಧವಾಗಲು 2023ರವರೆಗೆ ಕಾಯಬೇಕಾಯಿತು. ನಷ್ಟ ಹಕ್ಕಿಗಷ್ಟೇ ಆಗಲಿಲ್ಲ. ಸತ್ತ ದನಗಳು ಕೊಳೆತು ಬಿದ್ದವು, ಬೀದಿನಾಯಿಗಳು ಹೆಚ್ಚಿದವು. ಪಾರ್ಸಿಗಳ ಮೌನಗೋಪುರಗಳಲ್ಲಿ ಶವ ಮುಗಿಸುವವರಿಲ್ಲದಾಯಿತು. ರಣಹದ್ದು ಇಲ್ಲವಾದದ್ದರಿಂದ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಮನುಷ್ಯರ ಹೆಚ್ಚುವರಿ ಸಾವುಗಳಾದವೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸಿದೆ. ರಾಮನಗರದ ರಾಮದೇವರಬೆಟ್ಟವನ್ನು, ಅಂದರೆ 'ಶೋಲೆ' ಚಿತ್ರೀಕರಣದ ಬಂಡೆಗಳ ಆಸುಪಾಸನ್ನು, ಕರ್ನಾಟಕ 2012ರಲ್ಲಿ ರಣಹದ್ದುಧಾಮವೆಂದು ಘೋಷಿಸಿತು.

ಸಂಖ್ಯೆ ಒಂದಂಕಿಗೆ ಇಳಿದ ಮೇಲೂ ಹಕ್ಕಿಯೊಂದನ್ನು ಹಿಂದಕ್ಕೆ ತರಬಹುದೆ? ನ್ಯೂಜಿಲೆಂಡಿನವರ ಉತ್ತರ ಹೌದು ಎಂದು. ಬೆಕ್ಕು ಇಲಿಗಳ ದಾಳಿಗೆ ಸಿಕ್ಕ ಚಾಟಮ್ ದ್ವೀಪಗಳ ಕಪ್ಪು ರಾಬಿನ್ 1980ರಲ್ಲಿ ಐದೇ ಉಳಿದಿತ್ತು. ಅವುಗಳಲ್ಲಿ ಮರಿ ಮಾಡಬಲ್ಲ ಹೆಣ್ಣು ಒಂದೇ, ಹೆಸರು ಓಲ್ಡ್ ಬ್ಲೂ. ಡಾನ್ ಮರ್ಟನ್ ತಂಡ ಅದರ ಮೊಟ್ಟೆಗಳನ್ನು ಎತ್ತಿ ಇನ್ನೊಂದು ಜಾತಿಯ ಹಕ್ಕಿಯ ಗೂಡಿನಲ್ಲಿಟ್ಟು ಕಾವು ಕೊಡಿಸಿತು. ಮೊಟ್ಟೆ ಕಳೆದುಕೊಂಡ ಓಲ್ಡ್ ಬ್ಲೂ ಮತ್ತೆ ಮೊಟ್ಟೆಯಿಟ್ಟಿತು. ಇಂದು ಇರುವ ಕೆಲವು ನೂರು ಕಪ್ಪು ರಾಬಿನ್‌ಗಳೆಲ್ಲ ಅದರ ಸಂತಾನ. ಈ ಯಶಸ್ಸಿಗೊಂದು ಅಡ್ಡಪರಿಣಾಮವಿತ್ತು. ಕೆಲವು ಹೆಣ್ಣುಗಳು ಮೊಟ್ಟೆಯನ್ನು ಗೂಡಿನ ಅಂಚಿನಲ್ಲಿ ಇಡುತ್ತಿದ್ದವು. ಹಾಗೇ ಬಿಟ್ಟರೆ ಆ ಮೊಟ್ಟೆ ಹಾಳು. ಕಾಳಜಿಯ ಸಿಬ್ಬಂದಿ ಅವನ್ನು ಒಳಕ್ಕೆ ಸರಿಸುತ್ತ ಹೋದದ್ದರಿಂದ ಆ ದೋಷವೇ ತಲೆಮಾರಿನಿಂದ ತಲೆಮಾರಿಗೆ ಹರಡಿ, 1989ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಹೆಣ್ಣುಗಳು ಅಂಚಿನಲ್ಲಿ ಮೊಟ್ಟೆಯಿಡತೊಡಗಿದವು. ಮನುಷ್ಯರು ಕೈ ಹಿಂದೆಗೆದ ಮೇಲೆ ಅದು ತಾನಾಗಿ ಕುಗ್ಗಿತು. ಮಾರಿಷಸ್ಸಿನ ಕೆಸ್ಟ್ರಲ್ 1974ರಲ್ಲಿ ನಾಲ್ಕಕ್ಕೆ ಇಳಿದು ಕಾರ್ಲ್ ಜೋನ್ಸ್ ಪ್ರಯತ್ನದಿಂದ ನೂರಾರಾಯಿತು. ಕ್ಯಾಲಿಫೋರ್ನಿಯಾದ ಕಾಂಡೊರ್‌ಗಳಲ್ಲಿ ಉಳಿದಿದ್ದ 27ನ್ನೂ 1987ರ ಹೊತ್ತಿಗೆ ಹಿಡಿದು ಸಾಕಿ, 1992ರಿಂದ ಮತ್ತೆ ಬಿಡಲಾಯಿತು. ಬೇಟೆಗಾರರ ಸೀಸದ ಗುಂಡಿನ ಚೂರು ತಿಂದು ಅವು ಈಗಲೂ ಸಾಯುತ್ತವೆ.

ಇಂಥ ಆಸ್ಪತ್ರೆ ಕೆಲಸಕ್ಕೆ ಅಪಾರ ಹಣ ಬೇಕು. ಊರವರು ಮನಸ್ಸು ಮಾಡಿದರೆ ಸಾಲುವ ಕಡೆಗಳೂ ಇವೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಪ್ರತಿ ಅಕ್ಟೋಬರಿನಲ್ಲಿ ಆಮೂರ್ ಚಾಣಗಳು ಲಕ್ಷಗಟ್ಟಲೆ ಇಳಿಯುತ್ತವೆ. ಪೂರ್ವ ಏಷ್ಯಾದಿಂದ ಬಂದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುವ ಹಕ್ಕಿಗಳಿವು. 2012ರಲ್ಲಿ ಅಲ್ಲಿಗೆ ಹೋದ ಸಂರಕ್ಷಣಾಕಾರರು, ಮೀನಿನ ಬಲೆಗಳನ್ನು ಮರಗಳ ನಡುವೆ ಕಟ್ಟಿ ದಿನಕ್ಕೆ ಸಾವಿರಾರು ಚಾಣಗಳನ್ನು ಹಿಡಿದು ಮಾರುತ್ತಿದ್ದುದನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. ಬಲೆ ಹಾಕುತ್ತಿದ್ದವರು ಖಳರಲ್ಲ. ಅಣೆಕಟ್ಟಿನ ನೀರಿನಲ್ಲಿ ಹೊಲ ಕಳೆದುಕೊಂಡ ಪಾಂಗ್ತಿ ಮುಂತಾದ ಹಳ್ಳಿಗಳವರು. ಹಳ್ಳಿಯ ಸಭೆ, ಚರ್ಚು, ಸಂಘಸಂಸ್ಥೆಗಳು ಕುಳಿತು ಮಾತಾಡಿದವು. 2013ರಲ್ಲಿ ಒಂದು ಚಾಣವೂ ಬಲೆಗೆ ಬೀಳಲಿಲ್ಲ. ಸಂರಕ್ಷಣೆಯ ಚರಿತ್ರೆಯಲ್ಲಿ ಇಷ್ಟು ಚುರುಕಾದ ತಿರುವು ಅಪರೂಪ.

ಅಸ್ಸಾಮಿನಲ್ಲಿ ತಿರುವು ನಿಧಾನವಾಗಿ ಬಂತು. ಹರ್ಗಿಲಾ ಎಂಬ ಬೋಳುತಲೆಯ ದೈತ್ಯ ಕೊಕ್ಕರೆ ಕಸದ ತಿಪ್ಪೆಯಲ್ಲಿ ಮೇಯುವ, ಗೂಡಿನಡಿ ದುರ್ನಾತ ಬೀರುವ ಹಕ್ಕಿ. ಕಾಮರೂಪ ಜಿಲ್ಲೆಯ ದಾದರಾ ಸುತ್ತಿನ ಹಳ್ಳಿಗರು ಅದು ಗೂಡುಕಟ್ಟಿದ ಮರವನ್ನೇ ಕಡಿಯುತ್ತಿದ್ದರು. ವನ್ಯಜೀವಿ ವಿಜ್ಞಾನಿ ಪೂರ್ಣಿಮಾದೇವಿ ಬರ್ಮನ್ ಹಳ್ಳಿಗರಿಗೆ ಉಪನ್ಯಾಸ ಕೊಡಲಿಲ್ಲ. ಹೆಂಗಸರನ್ನು ಜೊತೆಗೂಡಿಸಿಕೊಂಡು, ಗೂಡಿನಲ್ಲಿ ಮೊಟ್ಟೆ ಕಂಡಾಗ ಹಕ್ಕಿಗೆ ಸೀಮಂತ ಮಾಡಿಸಿದರು, ಮಗ್ಗದ ಸೀರೆಗಳಲ್ಲಿ ಹರ್ಗಿಲಾ ನೇಯಿಸಿದರು. ಹರ್ಗಿಲಾ ಸೇನೆ ಎಂದು ಹೆಸರಾದ ಆ ಗುಂಪಿನಲ್ಲಿ ಈಗ ಸಾವಿರಾರು ಹೆಂಗಸರಿದ್ದಾರೆ. 2023ರಲ್ಲಿ ಈ ಕೊಕ್ಕರೆಯ ಅಪಾಯದ ದರ್ಜೆಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಕೆಳಗಿಳಿಸಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರಿಗೆ ಯಾರೂ ಹೀಗೆ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರಗಳಲ್ಲೇ ತಲೆತಲಾಂತರದಿಂದ ಗೂಡು ಕಟ್ಟುತ್ತಿವೆ. ಹಿಕ್ಕೆ ಗೊಬ್ಬರವಾಗುತ್ತದೆ, ಹಕ್ಕಿ ಬಂದ ವರ್ಷ ಮಳೆಬೆಳೆ ಚೆನ್ನ ಎಂಬ ನಂಬಿಕೆಯಿದೆ.

ಊರವರನ್ನು ಹೊರಗಿಟ್ಟಲ್ಲಿ ಏನಾಯಿತು ಎಂಬುದಕ್ಕೆ ಭರತಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಹಾರಾಜರ ಬಾತುಬೇಟೆಗಾಗಿ ರೂಪಿಸಿದ ಜೌಗು ಅದು. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಉರುಳಿಸಿದ ಲೆಕ್ಕವನ್ನು ಅಲ್ಲಿ ಇಂದಿಗೂ ಕಲ್ಲಿನ ಮೇಲೆ ಓದಬಹುದು. ರಾಷ್ಟ್ರೀಯ ಉದ್ಯಾನವಾದ ಮೇಲೆ 1982ರಲ್ಲಿ ದನ ಎಮ್ಮೆ ಮೇಯಿಸುವುದನ್ನು ಹಠಾತ್ತನೆ ನಿಲ್ಲಿಸಲಾಯಿತು. ಪ್ರತಿಭಟನೆಯಲ್ಲಿ ಗೋಲಿಬಾರ್ ನಡೆದು ಹಳ್ಳಿಗರು ಸತ್ತರು. ಆನಂತರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನದಲ್ಲಿ ಕಂಡದ್ದೇನು? ಎಮ್ಮೆಗಳು ಮೇಯದೆ ನೀರಿನ ಹುಲ್ಲು ದಟ್ಟೈಸಿ, ಬಾತುಗಳಿಗೆ ಇಳಿಯಲು ತೆರೆದ ನೀರೇ ಕಡಿಮೆಯಾಗಿತ್ತು. ನಿಷೇಧಕ್ಕೆ ಸಲಹೆ ಕೊಟ್ಟವರೂ ಪಕ್ಷಿಪ್ರೇಮಿಗಳೇ ಎಂಬುದನ್ನು ಮರೆಯುವಂತಿಲ್ಲ. ಅಲ್ಲಿಗೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚ 2002ರ ನಂತರ ಬರಲಿಲ್ಲ.

ಪ್ರೀತಿಯೇ ಹಕ್ಕಿಗೆ ಮುಳುವಾಗುವ ಇನ್ನೊಂದು ಬಗೆ ಇಂಡೊನೇಷ್ಯಾದ ಜಾವಾದಲ್ಲಿದೆ. ಹಾಡುಹಕ್ಕಿಗಳ ಸ್ಪರ್ಧೆಗಳಿಗಾಗಿ, ಮನೆಯ ಅಂದಕ್ಕಾಗಿ ಅಲ್ಲಿ ಪಂಜರದಲ್ಲಿರುವ ಹಕ್ಕಿಗಳು 6.6 ಕೋಟಿಯಿಂದ 8.4 ಕೋಟಿ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. ದ್ವೀಪದ ಕೆಲವು ಕಾಡುಗಳಲ್ಲಿ ಮರಗಳಿವೆ, ಹಾಡಿಲ್ಲ.

ಕಂಡ ಹಕ್ಕಿಗಳ ಪಟ್ಟಿ ಬೆಳೆಸುವ ಗೀಳಿನದೇ ಬೇರೆ ಪುರಾಣ. ಬ್ರಿಟನ್ನಿನಲ್ಲಿ ದಾರಿತಪ್ಪಿ ಬಂದ ಒಂದೇ ಹಕ್ಕಿಯ ಹಿಂದೆ ದೇಶವಿಡೀ ಓಡುವವರಿದ್ದಾರೆ: 1989ರ ಫೆಬ್ರವರಿಯಲ್ಲಿ ಅಮೆರಿಕದ ಪುಟ್ಟ ಗೋಲ್ಡನ್-ವಿಂಗ್ಡ್ ವಾರ್ಬ್ಲರ್ ಒಂದು ಕೆಂಟ್ ಪ್ರಾಂತ್ಯದ ಲಾರ್ಕ್‌ಫೀಲ್ಡ್ ಬಡಾವಣೆಯಲ್ಲಿ ಕಾಣಿಸಿದಾಗ ಸಾವಿರಾರು ಜನ ಅಲ್ಲಿನ ಸೂಪರ್‌ಮಾರ್ಕೆಟ್ ಸುತ್ತ ಮುತ್ತಿಕೊಂಡರು. ಅಮೆರಿಕದ ಫೀಬಿ ಸ್ನೆಟ್ಸಿಂಗರ್ 1981ರಲ್ಲಿ ಕ್ಯಾನ್ಸರ್ ಎಂದು ತಿಳಿದ ಮೇಲೆ ಚಿಕಿತ್ಸೆಗೆ ಕೂರದೆ ಹಕ್ಕಿ ನೋಡಲು ಹೊರಟು, 8,000 ಪ್ರಭೇದ ದಾಟಿದ ಮೊದಲಿಗರಾದರು. 1999ರಲ್ಲಿ ಮಡಗಾಸ್ಕರಿನಲ್ಲಿ ಅವರನ್ನು ಕೊಂದದ್ದು ಕ್ಯಾನ್ಸರ್ ಅಲ್ಲ, ವ್ಯಾನ್ ಅಪಘಾತ. ನಿವೃತ್ತ ರಾಜತಾಂತ್ರಿಕ ಪೀಟರ್ ಕೆಸ್ಟ್ನರ್ 2024ರಲ್ಲಿ ಫಿಲಿಪ್ಪೀನ್ಸಿನಲ್ಲಿ 10,000ದ ಗೆರೆ ಮುಟ್ಟಿದರು. ಇದೆಲ್ಲ ವಿಮಾನದ ಹೊಗೆಯ ಹವ್ಯಾಸ ಎಂಬ ಟೀಕೆ ಸುಳ್ಳಲ್ಲ. ಆದರೆ ಈ ಗೀಳಿನ ಜನ ಕೊಡುವ ದುಡ್ಡಿನಿಂದಲೇ ಕೆಲವು ಕಾಡು ನಿಂತಿವೆ. ಈಕ್ವಡೋರಿನ ರೈತ ಆಂಖೆಲ್ ಪಾಸ್ ತನ್ನ ಜಮೀನಿನ ಕಾಡಿನಲ್ಲಿ ಅಡಗಿರುತ್ತಿದ್ದ ದೈತ್ಯ ಆಂಟ್‌ಪಿಟ್ಟ ಹಕ್ಕಿಗೆ ಎರೆಹುಳು ತಿನ್ನಿಸಿ ಪಳಗಿಸಿ, ಅದಕ್ಕೆ ಮರಿಯಾ ಎಂದು ಹೆಸರಿಟ್ಟ. ಅದನ್ನು ನೋಡಲು ಜಗತ್ತಿನ ಮೂಲೆಗಳಿಂದ ಜನ ಬಂದರು, ಕಾಡು ಕಡಿಯುವ ಅಗತ್ಯ ಬೀಳಲಿಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಟಿಪ್ಪಣಿ ಪುಸ್ತಕ ಫೋನಿಗೆ ಬಂತು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಇಬರ್ಡ್ ಎಂಬ ಜಾಲತಾಣದಲ್ಲಿ 2021ರ ಹೊತ್ತಿಗೆ ನೂರು ಕೋಟಿ ದಾಖಲೆಗಳು ಸೇರಿದ್ದವು. 2019ರಲ್ಲಿ ಬಂದ ಒಂದು ಅಧ್ಯಯನ ಹವ್ಯಾಸಿಗಳ ಗಣತಿ ಮತ್ತು ಹವಾಮಾನ ರೇಡಾರುಗಳನ್ನು ಕೂಡಿಸಿ, 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದಿತು. ಪ್ರಮಾಣದಲ್ಲಿ ಅತಿ ಹೆಚ್ಚು ಕುಸಿದವು ಹುಲ್ಲುಗಾವಲಿನ ಹಕ್ಕಿಗಳು. ಹೆಚ್ಚಿದವು ಬಾತುಗಳು, ಏಕೆಂದರೆ 1934ರಿಂದ ಬಾತುಬೇಟೆಗಾರರು ಕಡ್ಡಾಯವಾಗಿ ಕೊಳ್ಳಬೇಕಾದ ಸ್ಟಾಂಪಿನ ಹಣ ಜೌಗು ಉಳಿಸಲು ಹೋಗುತ್ತದೆ. ಭಾರತದಲ್ಲಿ 30 ಸಾವಿರಕ್ಕೂ ಹೆಚ್ಚು ವೀಕ್ಷಕರ ದಾಖಲೆಗಳನ್ನು ಬಳಸಿದ 2023ರ ವರದಿ 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ತುರ್ತು ಗಮನ ಬೇಕೆಂದಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಇಳಿಮುಖವಾದವುಗಳಲ್ಲಿದೆ. ತಂತಿಯ ಮೇಲೆ ದಿನವೂ ಕಾಣುವ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಕೆಲವು ಪರಿಹಾರಗಳು ಅಚ್ಚರಿಯಷ್ಟು ಸರಳ. ಷಿಕಾಗೋದ ಸರೋವರದ ದಡದ ಮೆಕಾರ್ಮಿಕ್ ಪ್ಲೇಸ್ ಸಭಾಭವನದ ಗಾಜಿಗೆ ಬಡಿದು 2023ರ ಅಕ್ಟೋಬರಿನ ಒಂದೇ ರಾತ್ರಿ ಸುಮಾರು ಸಾವಿರ ವಲಸೆಹಕ್ಕಿಗಳು ಸತ್ತವು. ಮರುವರ್ಷ ಗಾಜಿಗೆ ಪುಟ್ಟ ಚುಕ್ಕೆಗಳ ಹಾಳೆ ಅಂಟಿಸಿದರು. ಸಾವುಗಳು ಶೇಕಡ ತೊಂಬತ್ತಕ್ಕೂ ಹೆಚ್ಚು ಇಳಿದವು.

ಎರೆಭೂತದ ವಿಷಯದಲ್ಲಿ ಅಷ್ಟು ಸರಳ ಉಪಾಯವಿಲ್ಲ. ಹುಲ್ಲುಗಾವಲಿನಲ್ಲಿ ನಡೆದಾಡುವ ಈ ಭಾರೀ ಹಕ್ಕಿಯನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿ ಹೇಳಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಕರ್ನಾಟಕದಲ್ಲಿ ಅದು ರಾಣೆಬೆನ್ನೂರಿನಿಂದ ಕಣ್ಮರೆಯಾಗಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿದೆ. ದೇಶದಲ್ಲೆಲ್ಲ ಸೇರಿ 150ಕ್ಕಿಂತ ಕಡಿಮೆ, ಬಹುತೇಕ ಜೈಸಲ್ಮೇರಿನ ಮರುಭೂಮಿಯಲ್ಲಿ. ಇದರ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಎದುರಿನ ತಂತಿ ಸರಿಯಾಗಿ ಕಾಣದು, ಕಂಡರೂ ಭಾರದ ದೇಹ ಚಟ್ಟನೆ ಹೊರಳದು. ತೊಂದರೆಯೆಂದರೆ ಆ ತಂತಿಗಳಲ್ಲಿ ಅನೇಕವು ಸೌರ ಮತ್ತು ಗಾಳಿ ವಿದ್ಯುತ್ತನ್ನು ಸಾಗಿಸುವಂಥವು. ಹವಾಮಾನ ಉಳಿಸುವ ಕೆಲಸವೂ ಹಕ್ಕಿ ಉಳಿಸುವ ಕೆಲಸವೂ ಒಂದೇ ಬಯಲಿನಲ್ಲಿ ಮುಖಾಮುಖಿಯಾದವು. ತಂತಿಗಳನ್ನು ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲಿನಲ್ಲಿ ಆದೇಶಿಸಿತು. 2024ರ ಮಾರ್ಚಿನಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಜೈಸಲ್ಮೇರ್ ಜಿಲ್ಲೆಯ ಸಮ್ ಮತ್ತು ರಾಮ್‌ದೇವ್ರಾ ಕೇಂದ್ರಗಳಲ್ಲಿ ಮರಿಗಳನ್ನು ಬೆಳೆಸಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಅದರ ಸಂತತಿಯನ್ನು ತಂತಿಯಿಲ್ಲದ ಯಾವ ಬಯಲಿಗೆ ಬಿಡುವುದು ಎಂಬ ಪ್ರಶ್ನೆಯನ್ನು ತಳಿ ಕೇಂದ್ರದವರು ಬಗೆಹರಿಸಲಾರರು.